ವಾಷಿಂಗ್ಟನ್ ಅಂಡ್ ಓಲ್ಡ್ ಡೊಮಿನಿಯನ್ ಟ್ರೇಲ್

ಅಮೆರಿಕದ ಉತ್ತರ ವರ್ಜೀನಿಯದಲ್ಲಿ ನಡಿಗೆ, ಓಟ, ಸೈಕಲ್ ಹಾಗೂ ಸ್ಕೇಟಿಂಗ್‌ಗೆ ಬಳಕೆಯಾಗುವ ಡಾಂಬರು ಹಾದಿ. ಉದ್ದ ಸುಮಾರು 45 ಮೈಲಿ (72 ಕಿ.ಮೀ.). ಆರ್ಲಿಂಗ್ಟನ್‌ನ ಶರ್ಲಿಂಗ್ಟನ್ ಬಳಿ ಹೊರಟು ವಿಯೆನ್ನಾ, ರೆಸ್ಟನ್, ಲೀಸ್‌ಬರ್ಗ್ ಮೂಲಕ ಪರ್ಸೆಲ್‌ವಿಲ್‌ ತಲುಪುತ್ತದೆ. ಇದು 1968ರಲ್ಲಿ ನಿಂತುಹೋದ ರೈಲುಮಾರ್ಗದ ಜಾಡು. ಏರಿಳಿತ ಕಡಿಮೆ ಇರುವುದಕ್ಕೆ ಅದೇ ಕಾರಣ. ಮೊದಲ ತುಂಡು 1974ರಲ್ಲಿ ಫಾಲ್ಸ್ ಚರ್ಚ್‌ನಲ್ಲಿ ತೆರೆಯಿತು, 1988ರಲ್ಲಿ ಕೊನೆಯ ಭಾಗ ಮುಗಿಯಿತು. ನಿರ್ವಹಣೆ ನೋವಾ ಪಾರ್ಕ್ಸ್ ಸಂಸ್ಥೆಯದು.

ವಿಯೆನ್ನಾ–ರೆಸ್ಟನ್ ನಡುವೆ ಬಡಾವಣೆಗಳ ಹಿತ್ತಿಲಿಗೇ ಕಾಡು ತಾಗಿಕೊಂಡಿದೆ. ಓಕ್ ಮರಗಳ ನೆರಳು ಹಿತವೇನೋ ಹೌದು. ಆದರೆ ಶರತ್ಕಾಲದಲ್ಲಿ ಉದುರಿದ ಎಲೆ ಮಳೆಗೆ ನೆನೆದರೆ ಸೈಕಲ್ ಚಕ್ರ ಜಾರುತ್ತದೆ. ಬೇರು ಉಬ್ಬಿ ಡಾಂಬರನ್ನು ಎತ್ತುವುದೂ ಉಂಟು. ಪಕ್ಕದಲ್ಲೇ ವಿದ್ಯುತ್ ತಂತಿಗಳು ಸಾಗುವುದರಿಂದ ಎಷ್ಟೋ ಕಡೆ ಮರ ಕಡಿದು ಬಯಲಾಗಿದೆ. ಬೇಸಿಗೆಯ ಮಧ್ಯಾಹ್ನ ಅಲ್ಲಿ ನಡೆಯುವವರು ನೀರಿಲ್ಲದೆ ಹೊರಡಬಾರದು.

ಹಾದಿಯಲ್ಲಿ ಬಲಬದಿ ಬಿಡದೆ ಸಾಗಬೇಕು, ಮುಂದಿರುವವರನ್ನು ಎಡದಿಂದ ದಾಟಬೇಕು. ದಾಟುವ ಮುನ್ನ ಗಂಟೆ ಬಾರಿಸುವುದೋ ‘ಆನ್ ಯುವರ್ ಲೆಫ್ಟ್’ (ನಿಮ್ಮ ಎಡಕ್ಕೆ) ಎಂದು ಕೂಗುವುದೋ ಕಡ್ಡಾಯವೆಂದೇ ತಿಳಿಯಬೇಕು. ಸದ್ದಿಲ್ಲದೆ ವೇಗವಾಗಿ ನುಗ್ಗುವ ಸೈಕಲ್ ಮಕ್ಕಳಿಗೂ ವೃದ್ಧರಿಗೂ ನಿಜವಾದ ಅಪಾಯ. ವಿಯೆನ್ನಾದಿಂದ ಪಶ್ಚಿಮಕ್ಕೆ ಸುಮಾರು 32 ಮೈಲಿ ಕುದುರೆಗಳಿಗಾಗಿ ಜಲ್ಲಿ ಹಾದಿ ಜೊತೆಗೂಡುತ್ತದೆ. ಕುದುರೆ ಎದುರಾದರೆ ಉಳಿದವರೆಲ್ಲ ದಾರಿ ಬಿಡಬೇಕು.