ವಿಡಿಯೋದಲ್ಲಿ ಮಾತು ಒಂದೇ ಕಿವಿಗೆ ಕೇಳಿಸುವುದೇಕೆ?

ಮದುವೆ, ಜಾತ್ರೆ, ಯಕ್ಷಗಾನದ ವಿಡಿಯೋಗಳಲ್ಲಿ ಮಾತು ಒಂದೇ ಕಿವಿಗೆ ಕೇಳಿಸುತ್ತದೆಂಬ ದೂರು ಹಳೆಯದು. ತಪ್ಪು ಇಯರ್‌ಫೋನಿನದೇ ಆಗಿರಬೇಕಿಲ್ಲ. ಕ್ಯಾಮೆರಾಕ್ಕೆ ಎರಡು ಮೈಕ್ ಜೋಡಿಸಿದಾಗ ಕಾಲರ್ ಮೈಕಿನ ಮಾತು ಎಡ ಚಾನಲ್‌ನಲ್ಲಿ, ಕ್ಯಾಮೆರಾ ಮೈಕಿನ ಗದ್ದಲ ಬಲ ಚಾನಲ್‌ನಲ್ಲಿ ದಾಖಲಾಗುವುದುಂಟು.

ಇದಕ್ಕೆ ಬ್ಯಾಲೆನ್ಸ್ ತಿರುಗಿಸಿ ಫಲವಿಲ್ಲ. ಒಂದು ಬದಿಯ ಸದ್ದು ಕುಗ್ಗೀತೇ ಹೊರತು ಮಾತು ಆಚೆ ಬದಿಗೆ ದಾಟದು. ಅಡೋಬ್ ಪ್ರೀಮಿಯರ್ ಪ್ರೋದಲ್ಲಿ ಕ್ಲಿಪ್ ಮೆನುವಿನ ಮಾಡಿಫೈ, ಅದರೊಳಗೆ ಆಡಿಯೋ ಚಾನಲ್ಸ್ ತೆರೆದು, ಎಡ ಬಲ ಎರಡಕ್ಕೂ ಕಾಲರ್ ಮೈಕಿನ ಚಾನಲನ್ನೇ ಗುರುತಿಸಬೇಕು. ಕ್ಲಿಪ್ಪನ್ನು ಟೈಮ್‌ಲೈನಿಗೆ ಎಳೆಯುವ ಮೊದಲೇ ಮಾಡಿದರೆ ಕ್ಷೇಮ. ಎಳೆದಾಗಿದ್ದರೆ 'ಫಿಲ್ ರೈಟ್ ವಿತ್ ಲೆಫ್ಟ್' ಎಂಬ ಎಫೆಕ್ಟ್ ಇದೆ. ಡಾವಿಂಚಿ ರಿಸಾಲ್ವ್‌ನಲ್ಲಿ ಕ್ಲಿಪ್ ಆಟ್ರಿಬ್ಯೂಟ್ಸ್‌ನ ಆಡಿಯೋ ಪುಟದಲ್ಲಿ ಇದೇ ಸೌಲಭ್ಯ.

ಎರಡು ಭಾಷೆಯ ಹಳೆಯ ವಿಸಿಡಿಗಳ ಕಥೆ ಬೇರೆ. ಅಲ್ಲಿ ಬೇಕೆಂದೇ ಎಡಕ್ಕೊಂದು, ಬಲಕ್ಕೊಂದು ಭಾಷೆ ಇಡುತ್ತಿದ್ದರು; ಪ್ಲೇಯರಿನ ರಿಮೋಟಿನಿಂದ ಬೇಕಾದುದನ್ನು ಆರಿಸಿಕೊಳ್ಳಬಹುದಿತ್ತು. ಅದೇ ಫೈಲು ಮೊಬೈಲಿನ ಒಂಟಿ ಸ್ಪೀಕರಿನಲ್ಲಿ ಓಡಿದರೆ ಎರಡೂ ಕಲೆತು, ಎರಡೂ ಭಾಷೆ ಬಲ್ಲವರಿಗೂ ಏನೂ ತಿಳಿಯದು. ಇಂಥದನ್ನು ಕಂಪ್ಯೂಟರಿಗೆ ಇಳಿಸುವವರು ಭಾಷೆಗೊಂದರಂತೆ ಎರಡು ಪ್ರತಿ ಮಾಡಿ, ಮೂಲ ಫೈಲನ್ನು ಅಳಿಸದೆ ಇಟ್ಟುಕೊಳ್ಳಬೇಕು. ಒಂದು ಚಾನಲನ್ನು ಕೈಬಿಟ್ಟ ಪ್ರತಿಯಿಂದ ಇನ್ನೊಂದು ಭಾಷೆಯನ್ನು ಮರಳಿ ಪಡೆಯಲಾಗದು.