ರನ್ನನ ಗದಾಯುದ್ಧದಲ್ಲಿ ಅಸೂಯೆ, ಕುತಂತ್ರ ಮತ್ತು ದುರಂತ

ಗದಾಯುದ್ಧ (ಸಾಹಸಭೀಮ ವಿಜಯ): ಬೆಳಗಲಿಯಲ್ಲಿ ಹುಟ್ಟಿದ, ಚಾಲುಕ್ಯರ ಆಶ್ರಯದಲ್ಲಿದ್ದ 10ನೆಯ ಶತಮಾನದ ಕವಿ ರನ್ನನ ಚಂಪೂಕಾವ್ಯ. ಅಸೂಯೆ ಮತ್ತು ಕುತಂತ್ರ ಸೇರಿ ದುರಂತವನ್ನು ಹುಟ್ಟಿಸುವ ಬಗೆಗೆ ಕನ್ನಡದಲ್ಲಿ ಇದು ಶ್ರೇಷ್ಠ ನಿದರ್ಶನ. ಷೇಕ್ಸ್‌ಪಿಯರನ ಒಥೆಲೊ ನಾಟಕದಲ್ಲಿ ಸಂಚು ಹೂಡುವವನು ಇಯಾಗೊ, ಬಲಿಯಾಗುವವನು ಒಥೆಲೊ. ಗದಾಯುದ್ಧದಲ್ಲಾದರೋ ಕೇಡು ಬಗೆದವನೂ ಅದಕ್ಕೆ ಬಲಿಯಾದವನೂ ದುರ್ಯೋಧನನೇ. ಪಾಂಡವರ ಸಿರಿಯನ್ನು ಕಂಡು ಅವನಲ್ಲಿ ಹೊತ್ತಿದ ಮತ್ಸರಕ್ಕೆ ಶಕುನಿ ಜೂಜಿನ ದಾರಿ ತೋರಿದನು; ಆ ದಾರಿಯಲ್ಲಿ ನಡೆದವನು ದುರ್ಯೋಧನ. ಆದ್ದರಿಂದ ಹೊಣೆಯನ್ನು ಶಕುನಿಯೊಬ್ಬನ ತಲೆಗೆ ಕಟ್ಟಲಾಗದು.

ರನ್ನನು ಕಥೆಯನ್ನು ಮಹಾಭಾರತ ಯುದ್ಧದ ಕೊನೆಯ ದಿನದಿಂದ ಹಿಡಿಯುತ್ತಾನೆ. ಸಂಜಯನೊಡನೆ ರಣರಂಗ ದಾಟುವ ದುರ್ಯೋಧನನಿಗೆ ದ್ರೋಣ, ದುಶ್ಶಾಸನ, ಮಗ ಲಕ್ಷಣಕುಮಾರ, ಕರ್ಣರ ಹೆಣಗಳು ಎದುರಾಗುತ್ತವೆ. ಶತ್ರುವಾದ ಅಭಿಮನ್ಯುವಿನ ಶೌರ್ಯವನ್ನೂ ಅವನು ಮನಸಾರೆ ಹೊಗಳುತ್ತಾನೆ. ಹೆತ್ತವರೂ ಭೀಷ್ಮನೂ ಸಂಧಿಯ ಮಾತಾಡಿದರೂ ಒಪ್ಪುವುದಿಲ್ಲ. ಪಾಪದ ಫಲವನ್ನು ಕಣ್ಣಾರೆ ಕಂಡೂ ಛಲ ಬಿಡದ ಈ ಹಿರಿಮೆಯೇ ಅವನ ಪತನವನ್ನು ದುರಂತವಾಗಿಸುತ್ತದೆ.

ಕಾವ್ಯದ ನಾಯಕ ಭೀಮ, ಅವನ ನೆಪದಲ್ಲಿ ಹೊಗಳಿಸಿಕೊಂಡವನು ಚಾಲುಕ್ಯ ದೊರೆ ಸತ್ಯಾಶ್ರಯ. ಹಾಗಾಗಿ ಇದು ವಿಜಯಗಾಥೆಯೇ ಹೊರತು ದುರಂತವಲ್ಲ ಎಂಬ ಆಕ್ಷೇಪಕ್ಕೆ ಆಧಾರವಿದೆ. ಆದರೆ ಕೊನೆಯ ಗದಾಯುದ್ಧದಲ್ಲಿ ಗೆಲುವು ಭೀಮನದಾದರೂ ಓದುಗರ ಕರುಣೆ ದುರ್ಯೋಧನನ ಕಡೆಗೆ ಹರಿಯುತ್ತದೆ. ಕರುಣೆ ಅವನ ಅಪರಾಧವನ್ನು ಅಳಿಸದು. ಅಸೂಯೆ ಎಂಥ ದೊಡ್ಡ ಚೇತನವನ್ನು ನುಂಗಿತೆಂದು ತಿಳಿಸುತ್ತದೆ. ಬಿ.ಎಂ. ಶ್ರೀಕಂಠಯ್ಯನವರು ಈ ಕಾವ್ಯದಿಂದಲೇ 'ಗದಾಯುದ್ಧ ನಾಟಕಂ' ರೂಪಿಸಿದ್ದು ಅದರೊಳಗಿನ ದುರಂತಶಕ್ತಿಗೆ ಸಾಕ್ಷಿ.