ಮನೆಯಲ್ಲಿ ಕುಳಿತು ನೋಡಬೇಕಾದ ಕನ್ನಡ ಚಲನಚಿತ್ರಗಳು – ಬೈಲಹೊಂಗಲ ಉಪವಿಭಾಗದ ನಾಗರಿಕರಿಗಾಗಿ ಮಾಹಿತಿ

1. ಪೀಠಿಕೆ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ ಉಪವಿಭಾಗವು ಬೈಲಹೊಂಗಲ, ಚನ್ನಮ್ಮನ ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳನ್ನು ಒಳಗೊಂಡಿರುತ್ತದೆ. ಈ ಭಾಗದ ಜನತೆಗೆ ಮನರಂಜನೆ ಹೊಸದಲ್ಲ. ಸಣ್ಣಾಟ, ಲಾವಣಿ, ಗೀಗೀ ಪದ, ಕಂಪನಿ ನಾಟಕಗಳು ಇಲ್ಲಿ ತಲೆತಲಾಂತರದಿಂದ ನಡೆದುಬಂದಿವೆ. ವೃತ್ತಿರಂಗಭೂಮಿಯ ಹಿರಿಯರಾದ ದಿವಂಗತ ಏಣಗಿ ಬಾಳಪ್ಪನವರು ಸವದತ್ತಿ ತಾಲೂಕಿನ ಏಣಗಿ ಗ್ರಾಮದವರೆಂಬುದು ಎಲ್ಲರಿಗೂ ತಿಳಿದ ಸಂಗತಿ.

ಇಂದು ಚಲನಚಿತ್ರವು ಚಿತ್ರಮಂದಿರದಿಂದ ಮನೆಯ ಒಳಗೆ ಬಂದಿದೆ. ದೂರದರ್ಶನ, ಸಿ.ಡಿ., ಡಿ.ವಿ.ಡಿ.ಗಳ ಕಾಲ ಕಳೆದು ಈಗ ಮೊಬೈಲ್ ಫೋನಿನಲ್ಲಿಯೇ ನೂರಾರು ಚಿತ್ರಗಳು ದೊರೆಯುತ್ತಿವೆ. ದೊರೆಯುವ ಚಿತ್ರಗಳ ಸಂಖ್ಯೆ ಹೆಚ್ಚಾದಂತೆ ಆಯ್ಕೆಯು ಕಷ್ಟವಾಗಿರುತ್ತದೆ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಿ, ನೋಡಿದ ಮೇಲೆ ನಾಲ್ಕು ಮಾತನಾಡುವಂತಹ ಚಿತ್ರಗಳು ಯಾವುವು ಎಂಬ ಪ್ರಶ್ನೆಗೆ ಉತ್ತರವಾಗಿ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ. ಇದು ಸಂಪೂರ್ಣ ಪಟ್ಟಿಯಲ್ಲ. ಈ ಭಾಗದ ಜನಜೀವನಕ್ಕೆ ಹತ್ತಿರವಾದ ಚಿತ್ರಗಳಿಗೆ ಆದ್ಯತೆ ನೀಡಲಾಗಿದೆ.

2. ಸಂಕ್ಷಿಪ್ತ ಹಿನ್ನೆಲೆ

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ತೆರೆಕಂಡಿತು. ವೈ.ವಿ. ರಾವ್ ಅವರ ನಿರ್ದೇಶನದ ಈ ಚಿತ್ರದಲ್ಲಿ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬ ಮೊದಲಾದವರು ಅಭಿನಯಿಸಿದ್ದರು. ಚಿತ್ರೀಕರಣ ನಡೆದದ್ದು ನಮ್ಮ ನೆರೆಯ ಕೊಲ್ಹಾಪುರದಲ್ಲಿ. ಅಂದು ಕನ್ನಡ ಚಿತ್ರವೊಂದನ್ನು ತಯಾರಿಸಲು ಕನ್ನಡ ನಾಡಿನಲ್ಲಿ ತಕ್ಕ ಸ್ಟುಡಿಯೋ ಇರಲಿಲ್ಲ.

ವಿಷಾದದ ಸಂಗತಿಯೆಂದರೆ ಈ ಚಿತ್ರದ ಪ್ರತಿ ಇಂದು ಲಭ್ಯವಿಲ್ಲ. ಕನ್ನಡಿಗರು ಎಷ್ಟೇ ಹಣ ತೆತ್ತರೂ ತಮ್ಮ ಮೊದಲ ಮಾತಿನ ಚಿತ್ರವನ್ನು ನೋಡಲು ಸಾಧ್ಯವಾಗುವುದಿಲ್ಲ. ಲಭ್ಯವಿರುವ ಹಳೆಯ ಚಿತ್ರಗಳನ್ನು ಇಂದೇ ನೋಡುವುದು, ಮಕ್ಕಳಿಗೆ ತೋರಿಸುವುದು ಏಕೆ ಅವಶ್ಯಕವೆಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

3. ನಮ್ಮ ನೆಲದ ಕಥೆಗಳು

ಅ) ಕಿತ್ತೂರು ಚೆನ್ನಮ್ಮ (1961): ಬಿ.ಆರ್. ಪಂತುಲು ಅವರು ನಿರ್ಮಿಸಿ ನಿರ್ದೇಶಿಸಿದ ಕಪ್ಪು-ಬಿಳುಪು ಚಿತ್ರ. ರಾಣಿ ಚೆನ್ನಮ್ಮನಾಗಿ ಬಿ. ಸರೋಜಾದೇವಿ, ಮಲ್ಲಸರ್ಜ ದೇಸಾಯಿಯಾಗಿ ಡಾ. ರಾಜಕುಮಾರ್ ಅಭಿನಯಿಸಿದ್ದಾರೆ. ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರ ಪ್ರಶಸ್ತಿ ಪಡೆದಿದೆ. ಈ ಉಪವಿಭಾಗದ ಪ್ರತಿಯೊಂದು ಮನೆಯಲ್ಲಿ ಒಮ್ಮೆಯಾದರೂ ನೋಡತಕ್ಕ ಚಿತ್ರವಿದು.

ಚಿತ್ರವನ್ನು ನೋಡುವವರು ಇತಿಹಾಸದ ಕೆಲವು ಅಂಶಗಳನ್ನು ನೆನಪಿನಲ್ಲಿಡುವುದು ಒಳಿತು. ಕಿತ್ತೂರಿನ ಮೊದಲ ಕದನ ನಡೆದದ್ದು 1824ರ ಅಕ್ಟೋಬರ್ 23ರಂದು. ಅದರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಅದೇ ವರ್ಷದ ಡಿಸೆಂಬರ್‌ನಲ್ಲಿ ನಡೆದ ಎರಡನೆಯ ಕದನದ ನಂತರ ರಾಣಿಯನ್ನು ಸೆರೆಹಿಡಿದು ಬೈಲಹೊಂಗಲದ ಕೋಟೆಯಲ್ಲಿ ಇರಿಸಲಾಯಿತು. ಅವಳು 1829ರಲ್ಲಿ ಇಲ್ಲಿಯೇ ಕೊನೆಯುಸಿರೆಳೆದಳು. ಅವಳ ಸಮಾಧಿ ಬೈಲಹೊಂಗಲ ಪಟ್ಟಣದಲ್ಲಿದೆ. ದತ್ತು ಮಕ್ಕಳಿಗೆ ಹಕ್ಕಿಲ್ಲವೆಂಬ ನೀತಿಯನ್ನು ಡಾಲ್‌ಹೌಸಿ ವ್ಯಾಪಕವಾಗಿ ಜಾರಿಗೆ ತಂದದ್ದು 1848ರ ನಂತರ. ಕಿತ್ತೂರಿನ ದತ್ತಕ ವಿವಾದವು ಅದಕ್ಕಿಂತ 24 ವರ್ಷ ಮೊದಲಿನದು. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಇವೆರಡನ್ನೂ ಒಂದೇ ಎಂದು ಬರೆಯುವುದುಂಟು.

ಆ) ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ (2012): ನಾಗಣ್ಣ ಅವರ ನಿರ್ದೇಶನ. ದರ್ಶನ್ ರಾಯಣ್ಣನ ಪಾತ್ರದಲ್ಲಿಯೂ ಜಯಪ್ರದಾ ಚೆನ್ನಮ್ಮನ ಪಾತ್ರದಲ್ಲಿಯೂ ಅಭಿನಯಿಸಿದ್ದಾರೆ. ರಾಯಣ್ಣನ ಊರು ಸಂಗೊಳ್ಳಿ ಬೈಲಹೊಂಗಲ ತಾಲೂಕಿನಲ್ಲಿದೆ. ಅವನನ್ನು 1831ರಲ್ಲಿ ಖಾನಾಪುರ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. 1961ರ ಚಿತ್ರವನ್ನು ಮೊದಲು, ಇದನ್ನು ನಂತರ ನೋಡಿದಲ್ಲಿ ಕಥೆಯ ಸರಣಿ ಸ್ಪಷ್ಟವಾಗುತ್ತದೆ. ಐವತ್ತು ವರ್ಷಗಳಲ್ಲಿ ಯುದ್ಧದ ದೃಶ್ಯಗಳನ್ನು ಚಿತ್ರೀಕರಿಸುವ ವಿಧಾನ ಎಷ್ಟು ಬದಲಾಗಿದೆಯೆಂಬುದೂ ತಿಳಿಯುತ್ತದೆ.

ಇ) ಸಂಗ್ಯಾ ಬಾಳ್ಯಾ (1992): ಬೈಲಹೊಂಗಲ ತಾಲೂಕಿನ ಬೈಲವಾಡದಲ್ಲಿ ನಡೆದ ಘಟನೆಯನ್ನು ಆಧರಿಸಿದ ಪ್ರಸಿದ್ಧ ಸಣ್ಣಾಟವೇ ಈ ಚಿತ್ರಕ್ಕೆ ಮೂಲ. ಸುಂದರಕೃಷ್ಣ ಅರಸು ನಿರ್ದೇಶಿಸಿದ್ದಾರೆ. ಸ್ನೇಹ, ಮೋಹ ಮತ್ತು ವಿಶ್ವಾಸದ್ರೋಹದ ಈ ಕಥೆಯನ್ನು ಬಯಲಿನಲ್ಲಿ ರಾತ್ರಿಯಿಡೀ ನೋಡಿದ ಹಿರಿಯರು ಮನೆಯಲ್ಲಿದ್ದರೆ ಅವರೊಂದಿಗೆ ಕುಳಿತು ಚಿತ್ರವನ್ನು ನೋಡುವುದು ಸೂಕ್ತ. ಆಟದಲ್ಲಿ ಏನಿತ್ತು, ಚಿತ್ರದಲ್ಲಿ ಏನು ಬಿಟ್ಟುಹೋಗಿದೆ ಎಂಬುದನ್ನು ಅವರಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು. ಇದು ಪ್ರೌಢರಿಗೆ ತಕ್ಕ ಕಥೆ.

ಈ) ಸಂತ ಶಿಶುನಾಳ ಷರೀಫ (1990) ಮತ್ತು ನಾಗಮಂಡಲ (1997): ಎರಡೂ ಟಿ.ಎಸ್. ನಾಗಾಭರಣ ಅವರ ನಿರ್ದೇಶನದ ಚಿತ್ರಗಳು. ಮೊದಲನೆಯದರಲ್ಲಿ ಶ್ರೀಧರ್ ಷರೀಫರಾಗಿ, ಗಿರೀಶ ಕಾರ್ನಾಡರು ಗುರು ಗೋವಿಂದಭಟ್ಟರಾಗಿ ಅಭಿನಯಿಸಿದ್ದಾರೆ. ರಾಷ್ಟ್ರೀಯ ಭಾವೈಕ್ಯ ಕುರಿತ ರಾಷ್ಟ್ರ ಪ್ರಶಸ್ತಿ ಇದಕ್ಕೆ ಸಂದಿದೆ. ಎರಡನೆಯದು ಕಾರ್ನಾಡರ ನಾಟಕವನ್ನು ಆಧರಿಸಿದ್ದು. ಉತ್ತರ ಕರ್ನಾಟಕದ ಮಾತನ್ನು ಹಾಸ್ಯಕ್ಕೆ ಮಾತ್ರ ಬಳಸುವ ರೂಢಿಯನ್ನು ಬಿಟ್ಟು, ಅದರಲ್ಲಿ ಪ್ರೀತಿ, ದುಃಖ, ಭಯಗಳನ್ನೂ ಹೇಳಬಹುದೆಂದು ತೋರಿಸಿದ ಚಿತ್ರವಿದು. ಎರಡೂ ಚಿತ್ರಗಳಿಗೆ ಸಿ. ಅಶ್ವತ್ಥ್ ಅವರ ಸಂಗೀತವಿದೆ.

4. ಹಳೆಯ ಜನಪ್ರಿಯ ಚಿತ್ರಗಳು

ಬೇಡರ ಕಣ್ಣಪ್ಪ (1954) – ಎಚ್.ಎಲ್.ಎನ್. ಸಿಂಹ ನಿರ್ದೇಶನ. ಡಾ. ರಾಜಕುಮಾರ್ ನಾಯಕರಾಗಿ ಅಭಿನಯಿಸಿದ ಮೊದಲ ಚಿತ್ರ.

ಸಂಧ್ಯಾರಾಗ (1966) – ಅ.ನ.ಕೃ. ಅವರ ಕಾದಂಬರಿ. ಪಂ. ಭೀಮಸೇನ ಜೋಶಿ ಮತ್ತು ಡಾ. ಎಂ. ಬಾಲಮುರಳಿಕೃಷ್ಣ ಇಬ್ಬರೂ ಹಾಡಿರುವುದು ವಿಶೇಷ.

ಗೆಜ್ಜೆಪೂಜೆ (1969) – ಎಂ.ಕೆ. ಇಂದಿರಾ ಅವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ. ತಾಯಿಯ ವೃತ್ತಿಯಿಂದ ಹೊರಬಂದು ಎಲ್ಲರಂತೆ ಸಂಸಾರ ನಡೆಸಬಯಸುವ ಹೆಣ್ಣುಮಗಳ ಕಥೆ. ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಅರ್ಪಿಸುವುದನ್ನು ಕರ್ನಾಟಕದಲ್ಲಿ 1982ರ ಅಧಿನಿಯಮದ ಮೂಲಕ ನಿಷೇಧಿಸಲಾಗಿದೆ. ಈ ಪದ್ಧತಿಯ ನೋವನ್ನು ಕಂಡಿರುವ ಸವದತ್ತಿ ಭಾಗದಲ್ಲಿ ಈ ಚಿತ್ರಕ್ಕೆ ಇಂದಿಗೂ ಅರ್ಥವಿದೆ.

ಶರಪಂಜರ (1971) – ತ್ರಿವೇಣಿ ಅವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ, ಕಲ್ಪನಾ ಅಭಿನಯ. ಮಾನಸಿಕ ಅಸ್ವಸ್ಥತೆಯಿಂದ ಗುಣಹೊಂದಿ ಬಂದ ಗೃಹಿಣಿಯನ್ನು ಮನೆಯವರು ನಡೆಸಿಕೊಳ್ಳುವ ರೀತಿಯೇ ಇದರ ವಸ್ತು.

ಬಂಗಾರದ ಮನುಷ್ಯ (1972) – ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ದಲಿಂಗಯ್ಯ ನಿರ್ದೇಶನ. ಬಂಜರು ಭೂಮಿಯನ್ನು ಹಸನುಗೊಳಿಸುವ ಯುವಕನ ಕಥೆ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಸುಮಾರು ಎರಡು ವರ್ಷ ಪ್ರದರ್ಶನಗೊಂಡಿತು.

ನಾಗರಹಾವು (1972) – ತ.ರಾ.ಸು. ಅವರ ಕಾದಂಬರಿ. ಚಿತ್ರದುರ್ಗದ ಕೋಟೆಯ ಹಿನ್ನೆಲೆ. ವಿಷ್ಣುವರ್ಧನ್ ಅವರನ್ನು ಮನೆಮಾತಾಗಿಸಿದ ಚಿತ್ರ.

ಭೂತಯ್ಯನ ಮಗ ಅಯ್ಯು (1974) – ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ಕಥೆ, ಸಿದ್ದಲಿಂಗಯ್ಯ ನಿರ್ದೇಶನ. ಹಳ್ಳಿಯ ದ್ವೇಷ ಎರಡೂ ಮನೆಗಳನ್ನು ಹೇಗೆ ಸುಡುತ್ತದೆಂಬುದಕ್ಕೆ ನಿದರ್ಶನ. ಕೋರ್ಟಿನಲ್ಲಿ ದಾವೆ ಹೂಡುವ ಮುನ್ನ ಅಣ್ಣತಮ್ಮಂದಿರು ಒಟ್ಟಿಗೆ ಕುಳಿತು ನೋಡಿದರೆ ತಪ್ಪಿಲ್ಲ.

5. ಸ್ವರ್ಣಕಮಲ ಪಡೆದ ಆರು ಚಿತ್ರಗಳು

ದೇಶದ ಅತ್ಯುತ್ತಮ ಕಥಾಚಿತ್ರಕ್ಕೆ ನೀಡುವ ರಾಷ್ಟ್ರ ಪ್ರಶಸ್ತಿ ಕನ್ನಡದ ಆರು ಚಿತ್ರಗಳಿಗೆ ದೊರೆತಿದೆ. ಅವುಗಳ ವಿವರ ಕೆಳಗಿನಂತಿದೆ.

(1) ಸಂಸ್ಕಾರ (1970) – ಯು.ಆರ್. ಅನಂತಮೂರ್ತಿ ಅವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿ ನಿರ್ದೇಶನ. ಆರಂಭದಲ್ಲಿ ಸೆನ್ಸಾರ್ ಮಂಡಳಿಯು ಪ್ರದರ್ಶನಕ್ಕೆ ಅನುಮತಿ ನಿರಾಕರಿಸಿತ್ತು.

(2) ಚೋಮನ ದುಡಿ (1975) – ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತ ನಿರ್ದೇಶನ. ತುಂಡು ಭೂಮಿಯನ್ನು ಉಳುವ ಆಸೆ ಈಡೇರದ ಚೋಮನ ಪಾತ್ರಕ್ಕಾಗಿ ಎಂ.ವಿ. ವಾಸುದೇವರಾವ್ ಅವರು ಅತ್ಯುತ್ತಮ ನಟ ಪ್ರಶಸ್ತಿ ಪಡೆದರು.

(3) ಘಟಶ್ರಾದ್ಧ (1977) – ಗಿರೀಶ ಕಾಸರವಳ್ಳಿ ನಿರ್ದೇಶನ. ಬಾಲವಿಧವೆಯೊಬ್ಬಳ ಬಹಿಷ್ಕಾರವನ್ನು ಪುಟ್ಟ ಹುಡುಗನ ಕಣ್ಣಿನಿಂದ ತೋರಿಸುತ್ತದೆ.

(4) ತಬರನ ಕಥೆ (1986) – ಪೂರ್ಣಚಂದ್ರ ತೇಜಸ್ವಿ ಅವರ ಕಥೆ, ಕಾಸರವಳ್ಳಿ ನಿರ್ದೇಶನ.

(5) ತಾಯಿಸಾಹೇಬ (1997) – ರಂ.ಶಾ. ಲೋಕಾಪುರ ಅವರ ಕಾದಂಬರಿ, ಕಾಸರವಳ್ಳಿ ನಿರ್ದೇಶನ, ಜಯಮಾಲಾ ಅಭಿನಯ. ಸ್ವಾತಂತ್ರ್ಯ ಹೋರಾಟದಲ್ಲಿ ತೊಡಗಿದ ಗಂಡ, ವಾಡೆಯ ಭಾರ ಹೊತ್ತ ಹೆಂಡತಿ. ಒಂದು ಕಾಲಕ್ಕೆ ಸಂಸ್ಥಾನವಾಗಿದ್ದ ರಾಮದುರ್ಗದಂತಹ ಊರಿನವರಿಗೆ ಈ ಚಿತ್ರದ ವಾಡೆ ಅಪರಿಚಿತವೆನಿಸಲಾರದು.

(6) ದ್ವೀಪ (2001ನೇ ಸಾಲಿನ ಪ್ರಶಸ್ತಿ) – ನಾ. ಡಿಸೋಜ ಅವರ ಕಾದಂಬರಿ, ಕಾಸರವಳ್ಳಿ ನಿರ್ದೇಶನ, ಸೌಂದರ್ಯ ನಿರ್ಮಾಣ ಮತ್ತು ಅಭಿನಯ. ಅಣೆಕಟ್ಟಿನ ಹಿನ್ನೀರು ಏರುತ್ತಿದ್ದರೂ ಮನೆ ಬಿಡದ ಕುಟುಂಬದ ಕಥೆ. ಮಲಪ್ರಭೆಗೆ ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟಿನಿಂದ ನೀರು ಪಡೆಯುವವರು ನಾವು. ಹೊಲಕ್ಕೆ ಬರುವ ನೀರಿನ ಹಿಂದೆ ಬೇರೆಯವರು ಬಿಟ್ಟುಕೊಟ್ಟ ಮನೆಮಠಗಳಿರುತ್ತವೆ ಎಂಬುದನ್ನು ಈ ಚಿತ್ರ ನೆನಪಿಸುತ್ತದೆ.

ಇವುಗಳಲ್ಲಿ 'ತಬರನ ಕಥೆ'ಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾಗಿದೆ. ತಬರಶೆಟ್ಟಿ ಪುರಸಭೆಯ ಕೆಳಹಂತದ ನಿವೃತ್ತ ನೌಕರ. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿಗೆ ಹುಣ್ಣು. ಚಿಕಿತ್ಸೆಗೆ ಹಣ ಬೇಕು. ವಿಶ್ರಾಂತಿ ವೇತನದ ಕಡತ ಮಾತ್ರ ಮುಂದೆ ಸಾಗುವುದಿಲ್ಲ. ಅವನು ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ವೇತನ ಕೈಸೇರುವ ಮೊದಲೇ ಹೆಂಡತಿ ತೀರಿಕೊಳ್ಳುತ್ತಾಳೆ. ಚಿತ್ರದಲ್ಲಿ ಕ್ರೂರಿಯೆನಿಸುವ ವ್ಯಕ್ತಿ ಒಬ್ಬನೂ ಇಲ್ಲ. ಪ್ರತಿಯೊಬ್ಬ ನೌಕರನೂ ಒಂದು ನಿಯಮವನ್ನು ತೋರಿಸುತ್ತಾನೆ, ಆಕ್ಷೇಪಣೆ ಬರೆಯುತ್ತಾನೆ, ಮುಂದಿನ ಮೇಜಿಗೆ ಕಳುಹಿಸುತ್ತಾನೆ. ತಬರನಾಗಿ ಅಭಿನಯಿಸಿದ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ದೊರೆಯಿತು.

ಸಾರ್ವಜನಿಕರು ಈ ಚಿತ್ರವನ್ನು ನೋಡಬೇಕು. ಅವರಿಗಿಂತ ಮೊದಲು ಸರ್ಕಾರಿ ನೌಕರರು ನೋಡಬೇಕು. ಮೇಜಿನ ಮೇಲಿರುವ ಕಡತಕ್ಕೆ ಸಂಖ್ಯೆ ಮಾತ್ರ ಇರುವುದಿಲ್ಲ, ಅದರ ಹಿಂದೆ ಒಂದು ಮನೆ ಇರುತ್ತದೆ ಎಂಬ ಮಾತನ್ನು ಯಾವ ತರಬೇತಿಯೂ ಇಷ್ಟು ಪರಿಣಾಮಕಾರಿಯಾಗಿ ತಿಳಿಸಲಾರದು.

6. ಇತ್ತೀಚಿನ ಚಿತ್ರಗಳು

ತಿಥಿ (2015): ರಾಮ್ ರೆಡ್ಡಿ ನಿರ್ದೇಶನ. ಮಂಡ್ಯ ಜಿಲ್ಲೆಯ ಹಳ್ಳಿಯ ಜನರೇ ಪಾತ್ರಧಾರಿಗಳು. ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದಿದೆ. 101 ವರ್ಷದ ಅಜ್ಜನ ಸಾವಿನ ನಂತರ ಮೊಮ್ಮಗ ಜಮೀನನ್ನು ಮಾರಲು ಹೊರಟು, ಬದುಕಿರುವ ತಂದೆಯ ಹೆಸರಿನಲ್ಲಿಯೇ ಮರಣ ಪತ್ರ ಮಾಡಿಸುತ್ತಾನೆ. ಚಿತ್ರದಲ್ಲಿ ಇದು ನಗೆ ತರಿಸುತ್ತದೆ. ವಾಸ್ತವದಲ್ಲಿ ಅಪರಾಧವೆಂಬುದನ್ನು ಹೇಳಬೇಕಾಗಿಲ್ಲ.

ಗೋಧಿ ಬಣ್ಣ ಸಾಧಾರಣ ಮೈಕಟ್ಟು (2016): ಹೇಮಂತ್ ರಾವ್ ನಿರ್ದೇಶನ. ಮರೆವಿನ ಕಾಯಿಲೆಯ ತಂದೆ ಕಾಣೆಯಾದಾಗ ಮಗ ಹುಡುಕುವ ಕಥೆ. ಅನಂತನಾಗ್ ಅವರ ಅಭಿನಯ ಸ್ಮರಣೀಯ. ಮಕ್ಕಳು ದೂರದ ಊರುಗಳಲ್ಲಿದ್ದು ಹಿರಿಯರು ಮಾತ್ರ ಉಳಿದಿರುವ ಮನೆಗಳು ಈ ಭಾಗದಲ್ಲಿಯೂ ಇವೆ.

ಶಿವಮ್ಮ ಯರೇಹಂಚಿನಾಳ (2022): ಜೈಶಂಕರ್ ಆರ್ಯರ್ ನಿರ್ದೇಶನ. ಕೊಪ್ಪಳ ಜಿಲ್ಲೆಯ ಗ್ರಾಮದ ಮಧ್ಯವಯಸ್ಸಿನ ಹೆಣ್ಣುಮಗಳೊಬ್ಬಳು ಸರಣಿ ಮಾರಾಟದ ವ್ಯವಹಾರಕ್ಕೆ ಕೈಹಾಕಿ ಪಡುವ ಪಾಡು. ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದಿದೆ. ಸ್ವಸಹಾಯ ಸಂಘಗಳ ಸದಸ್ಯೆಯರು ಅವಶ್ಯ ನೋಡಬೇಕು.

ಕಾಂತಾರ (2022): ರಿಷಬ್ ಶೆಟ್ಟಿ ನಿರ್ದೇಶನ ಮತ್ತು ಅಭಿನಯ. ಕರಾವಳಿಯ ಭೂತಾರಾಧನೆ ಮತ್ತು ಅರಣ್ಯ ಭೂಮಿಯ ಸಂಘರ್ಷ ಇದರ ವಸ್ತು. ಅತ್ಯುತ್ತಮ ನಟ ರಾಷ್ಟ್ರ ಪ್ರಶಸ್ತಿ ಇದರ ಅಭಿನಯಕ್ಕೆ ಸಂದಿದೆ. ಹೊಡೆದಾಟದ ದೃಶ್ಯಗಳಿರುವುದರಿಂದ ಚಿಕ್ಕ ಮಕ್ಕಳಿಗೆ ತಕ್ಕುದಲ್ಲ.

7. ಮಕ್ಕಳೊಂದಿಗೆ ನೋಡಲು

ಚಿನ್ನಾರಿ ಮುತ್ತ (1993, ನಾಗಾಭರಣ), ಓದುವ ಹಂಬಲದ ದಲಿತ ಬಾಲಕನನ್ನು ಕುರಿತ ಕೊಟ್ರೇಶಿ ಕನಸು (1994, ಕುಂ. ವೀರಭದ್ರಪ್ಪ ಅವರ ಕಥೆ, ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶನ); ಗಡಿನಾಡಿನ ಕನ್ನಡ ಶಾಲೆಯನ್ನು ಉಳಿಸಿಕೊಳ್ಳುವ ಮಕ್ಕಳ ಕಥೆಯಾದ ಸರ್ಕಾರಿ ಹಿ.ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ (2018, ರಿಷಬ್ ಶೆಟ್ಟಿ). ಗಡಿ ಜಿಲ್ಲೆಯವರಾದ ನಮಗೆ ಕೊನೆಯ ಚಿತ್ರ ವಿಶೇಷವಾಗಿ ಹತ್ತಿರವಾದುದು. ಇದಕ್ಕೆ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರ ಪ್ರಶಸ್ತಿ ಬಂದಿದೆ.

8. ಗಮನಿಸಬೇಕಾದ ಅಂಶಗಳು

(i) ಚಿತ್ರದ ಆರಂಭದಲ್ಲಿ ತೋರಿಸುವ ಪ್ರಮಾಣಪತ್ರವನ್ನು ನೋಡಿಕೊಳ್ಳತಕ್ಕದ್ದು. 'ಯು' ಎಂದರೆ ಎಲ್ಲರಿಗೂ, 'ಎ' ಎಂದರೆ ವಯಸ್ಕರಿಗೆ ಮಾತ್ರ. 2023ರ ತಿದ್ದುಪಡಿ ಅಧಿನಿಯಮದ ಮೂಲಕ 'ಯುಎ' ವರ್ಗವನ್ನು 7, 13 ಮತ್ತು 16 ವರ್ಷ ಮೇಲ್ಪಟ್ಟವರೆಂದು ವಿಂಗಡಿಸಲಾಗಿದೆ. ಹಳೆಯ ಚಿತ್ರಗಳಲ್ಲಿ ಈ ವಿಂಗಡಣೆ ಇರುವುದಿಲ್ಲವಾದ್ದರಿಂದ ಪಾಲಕರು ಮೊದಲು ತಾವು ನೋಡುವುದು ಲೇಸು.

(ii) ಚಿತ್ರಗಳನ್ನು ಅಧಿಕೃತ ಮೂಲಗಳಿಂದಲೇ ನೋಡಬೇಕು. ಅನಧಿಕೃತವಾಗಿ ಚಿತ್ರವನ್ನು ಮುದ್ರಿಸಿಕೊಂಡು ಹಂಚುವುದು ಅಪರಾಧ. ಇದಕ್ಕೆ 3 ತಿಂಗಳಿಂದ 3 ವರ್ಷಗಳವರೆಗೆ ಕಾರಾಗೃಹ ವಾಸ ಮತ್ತು ಕನಿಷ್ಠ 3 ಲಕ್ಷ ರೂ. ದಂಡ ವಿಧಿಸಲು ಅವಕಾಶವಿದೆ.

(iii) ಕಾದಂಬರಿ ಆಧಾರಿತ ಚಿತ್ರಗಳ ಮೂಲ ಕೃತಿಗಳನ್ನು ಗ್ರಂಥಾಲಯದಲ್ಲಿ ವಿಚಾರಿಸಿ ಓದಬಹುದು.

(iv) ಚೆನ್ನಮ್ಮ ಮತ್ತು ರಾಯಣ್ಣನ ಚಿತ್ರಗಳನ್ನು ನೋಡಿದ ನಂತರ ಮಕ್ಕಳನ್ನು ಕಿತ್ತೂರಿನ ಕೋಟೆ ಹಾಗೂ ವಸ್ತುಸಂಗ್ರಹಾಲಯ, ಬೈಲಹೊಂಗಲದ ಸಮಾಧಿ ಸ್ಥಳ ಮತ್ತು ಸಂಗೊಳ್ಳಿಗೆ ಕರೆದೊಯ್ಯುವುದು ಉಪಯುಕ್ತ.

9. ಉಪಸಂಹಾರ

ಹಳೆಯ ಚಿತ್ರಗಳನ್ನು ಕಾಪಾಡುವ ಕಾರ್ಯಕ್ಕಾಗಿ ಪುಣೆಯಲ್ಲಿ 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಸ್ಥಾಪಿಸಲಾಯಿತು. 'ಘಟಶ್ರಾದ್ಧ' ಚಿತ್ರವನ್ನು ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿಸಲಾಯಿತು. ಆದರೆ ಸಂಗ್ರಹಾಲಯದ ಕಪಾಟಿನಲ್ಲಿ ಉಳಿದ ಮಾತ್ರಕ್ಕೆ ಚಿತ್ರವು ಉಳಿದಂತಾಗುವುದಿಲ್ಲ. ನೋಡುವವರಿದ್ದರೆ ಮಾತ್ರ ಅದನ್ನು ಕಾಪಾಡಬೇಕೆಂಬ ಬೇಡಿಕೆಯೂ ಇರುತ್ತದೆ. 'ಸತಿ ಸುಲೋಚನಾ'ಳಿಗೆ ಆದ ಗತಿ ಉಳಿದ ಚಿತ್ರಗಳಿಗೆ ಬಾರದಿರಲಿ.

ತಿಂಗಳಿಗೆ ಎರಡು ಚಿತ್ರಗಳಂತೆ ನೋಡಿದರೂ ಮೇಲಿನ ಪಟ್ಟಿಯು ಸುಮಾರು ಒಂದು ವರ್ಷದಲ್ಲಿ ಮುಗಿಯುತ್ತದೆ. ಉಪವಿಭಾಗದ ಸಮಸ್ತ ನಾಗರಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.